ಹರಾರೆಯ ಅಜ್ಜಿಯರು ಸುಮ್ನೆ ಹರಟೆ ಹೊಡೆಯುವುದಿಲ್ಲ

'ಜಿಂಬಾಬ್ವೆಯಲ್ಲಿ ತರಬೇತಿಯೇ ಇಲ್ಲದ ಅಜ್ಜಿಯರು ಬೆಂಚಿನ ಮೇಲೆ ಕೂತು ಮಾತಾಡಿಸಿ ಖಿನ್ನತೆ ವಾಸಿ ಮಾಡುತ್ತಾರೆ, ಡಾಕ್ಟರೇ ಬೇಡ' ಎಂಬ ಸಂದೇಶ ಹರಿದಾಡುತ್ತಿದೆ. ಅಜ್ಜಿಯರೂ ನಿಜ, ಬೆಂಚೂ ನಿಜ. ತರಬೇತಿ ಇಲ್ಲ, ಡಾಕ್ಟರೇ ಬೇಡ ಎಂಬುದು ತಪ್ಪು.

ಫ್ರೆಂಡ್‌ಶಿಪ್ ಬೆಂಚ್ ಎಂಬ ಈ ಕೆಲಸವನ್ನು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಶುರು ಮಾಡಿದವರೇ ಮನೋವೈದ್ಯ ಡಿಕ್ಸನ್ ಚಿಬಾಂಡಾ. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದರು. ಆದ್ದರಿಂದ ಊರವರು ನಂಬುವ ಹಿರಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟರು. ಅವರು ಮೊದಲು ಪ್ರಶ್ನಾವಳಿಯಿಂದ ಲಕ್ಷಣ ಅಳೆಯುತ್ತಾರೆ. ಆಮೇಲೆ, ನೆರವು ಕೇಳಿ ಬಂದವರೇ ತಮ್ಮ ಒಂದು ಸಮಸ್ಯೆ ಆರಿಸಿ ದಾರಿ ಹುಡುಕುವಾಗ ಅವರ ಜೊತೆಗಿರುತ್ತಾರೆ. ಆತ್ಮಹತ್ಯೆಯ ಅಪಾಯ ಕಂಡರೆ ತಮಗಿಂತ ಹೆಚ್ಚು ಪರಿಣತರ ಬಳಿ ಕಳಿಸುತ್ತಾರೆ.

573 ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ನಂತರ ಬೆಂಚಿನ ನೆರವು ಪಡೆದವರಲ್ಲಿ ಲಕ್ಷಣಗಳು ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಇಷ್ಟು ಕಲಿತು ದುಡಿಯುವವರನ್ನು 'ತರಬೇತಿ ಇಲ್ಲದವರು' ಎನ್ನುವುದು ಅನ್ಯಾಯ ಅಲ್ವಾ? ಔಷಧಿ ತೆಗೆದುಕೊಳ್ಳುತ್ತಿರುವವರು ಆ ಸಂದೇಶ ನಂಬಿ ನಿಲ್ಲಿಸಬೇಡಿ.