ಬೋರ್ಡು ಇಲ್ಲಿದೆ, ಬೂಟು ಎಲ್ಲಿದೆ?

ಕಾರು ಓಡಿಸುವವರ ಕಣ್ಣಿಗೆ ಒಂದು ವಿಶೇಷ ಶಕ್ತಿ ಇದೆ. ಇದನ್ನು ಕಂಡುಹಿಡಿದವರು ಕಣ್ಣಿನ ಡಾಕ್ಟರುಗಳಲ್ಲ, ಅಮೆರಿಕದ ನಗರಸಭೆಗಳು.

ಶಾಪಿಂಗ್ ಮಾಲ್ ಗೋಡೆಯ ಮೇಲೆ ಆಳೆತ್ತರದ ಬೂಟಿನ ಚಿತ್ರ ಇದೆ ಅಂದುಕೊಳ್ಳಿ. ಸುತ್ತ ಝಗಮಗ ದೀಪ. ಆ ಬೂಟು ಅದೇ ಮಾಲ್‌ನೊಳಗೆ ಸಿಗುವುದಾದರೆ ತೊಂದರೆಯಿಲ್ಲ. ಚಾಲಕನ ಗಮನ ರಸ್ತೆ ಬಿಟ್ಟು ಕದಲುವುದಿಲ್ಲ, ಊರಿನ ಅಂದಕ್ಕೂ ಕುಂದಿಲ್ಲ. ಈಗ ಅದೇ ಗೋಡೆ, ಅದೇ ದೀಪ, ಅದೇ ಬೂಟು. ಆದರೆ ಬೂಟು ಸಿಗುವುದು ರಸ್ತೆಯಾಚೆಯ ಅಂಗಡಿಯಲ್ಲಿ. ಮುಗಿಯಿತು ಕಥೆ! ಚಾಲಕನ ಗಮನ ಚೆಲ್ಲಾಪಿಲ್ಲಿ, ಊರು ಕುರೂಪ, ಬೋರ್ಡು ಅಕ್ರಮ.

ಮೊದಲನೆಯದು ಆನ್-ಸೈಟ್ ಬೋರ್ಡು, ಎರಡನೆಯದು ಆಫ್-ಸೈಟ್. ಆ ದೇಶದ ಸಾವಿರಾರು ಊರುಗಳ ಬೋರ್ಡು ಕಾನೂನು ನಿಂತಿರುವುದು ಈ ಒಂದು ಗೆರೆಯ ಮೇಲೆ. ಗೆರೆ ಎಳೆದವರ ಉದ್ದೇಶ ಒಳ್ಳೆಯದೇ ಇತ್ತು. ಅಂಗಡಿ ಅಂದಮೇಲೆ ಹೆಸರು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಗಿರಾಕಿ ಬರುವುದು ಹೇಗೆ? ಆದ್ದರಿಂದ ಅಂಗಡಿಯ ಬೋರ್ಡು ಇರಲಿ, ಊರೆಲ್ಲ ನಿಲ್ಲಿಸಿದ ಹೋರ್ಡಿಂಗು ಬೇಡ ಅಂದರು. ಸರಿ ಅಲ್ವಾ? ಆದರೆ ಬಾಗಿಲ ಮೇಲಿನ ಹೆಸರು ಬೆಳೆದು ಬೆಳೆದು ಆಳೆತ್ತರದ ಬೂಟಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೂಟು ಒಳಗಿನದೋ ಹೊರಗಿನದೋ ಅನ್ನುವುದಷ್ಟೇ ಪ್ರಶ್ನೆಯಾಗಿ ಉಳಿಯಿತು.

ಹೆದ್ದಾರಿಗಳ ಕಥೆಯೂ ಇದೇ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೆದ್ದಾರಿ ಸೌಂದರ್ಯ ಕಾಯಿದೆಗೆ ಸಹಿ ಹಾಕಿದರು. ಅದರ ಹಿಂದೆ ಬಿದ್ದು ಮಾಡಿಸಿದವರು ಅವರ ಪತ್ನಿ ಲೇಡಿ ಬರ್ಡ್. ರಸ್ತೆ ಬದಿಯಿಂದ 660 ಅಡಿಯೊಳಗಿನ ಹೋರ್ಡಿಂಗುಗಳಿಗೆ ಕಡಿವಾಣ ಬಿತ್ತು. ಜಾಹೀರಾತಿನವರು ಕಾನೂನಿಗೆ ತಲೆಬಾಗಿ 660 ಅಡಿ ದಾಟಿ ಆಚೆ ಹೋದರು. ಅಷ್ಟು ದೂರದಿಂದ ಕಾಣಬೇಕಲ್ಲ, ಅದಕ್ಕೆ ಬೋರ್ಡುಗಳನ್ನು ಇನ್ನೂ ದೈತ್ಯ ಮಾಡಿದರು. 1970ರ ದಶಕದಲ್ಲಿ ಸರ್ಕಾರ ಮತ್ತೆ ಕಾನೂನು ತಿದ್ದಬೇಕಾಯಿತು. ಸೌಂದರ್ಯದ ಹೆಸರಿನಲ್ಲಿ ಬೋರ್ಡುಗಳು ದೊಡ್ಡದಾದ ಸಾಧನೆ ಸಣ್ಣದೇನಲ್ಲ.

ಆದರೆ ಈ ವಿದ್ಯೆಯಲ್ಲಿ ಎತ್ತಿದ ಕೈ ಅಂದರೆ ಸ್ಯಾನ್ ಡಿಯಾಗೊ. 1972ರಲ್ಲಿ ಆ ನಗರ ಒಂದು ಕಾನೂನು ತಂದಿತು. ಎರಡು ಉದ್ದೇಶ: ಒಂದು, ಗಮನ ಸೆಳೆಯುವ ಬೋರ್ಡುಗಳಿಂದ ಜನರಿಗೆ, ವಾಹನಗಳಿಗೆ ಆಗುವ ಅಪಾಯ ತಪ್ಪಿಸುವುದು. ಎರಡು, ಊರನ್ನು ಚೆಂದ ಕಾಣಿಸುವುದು. ಆಫ್-ಸೈಟ್ ಬೋರ್ಡುಗಳಿಗೆ ನಿಷೇಧ. ಆಮೇಲೆ ಶುರುವಾಯಿತು ವಿನಾಯಿತಿಗಳ ಸಾಲು. ಒಟ್ಟು 12 ಬಗೆ. ಸರ್ಕಾರಿ ಬೋರ್ಡು, ಬಸ್ ಸ್ಟಾಪಿನ ಬೋರ್ಡು, ಧಾರ್ಮಿಕ ಚಿಹ್ನೆ, ಚರಿತ್ರೆಯ ಫಲಕ, 'ಮಾರಾಟಕ್ಕಿದೆ', 'ಬಾಡಿಗೆಗಿದೆ', ವಾಹನಗಳ ಮೇಲಿನ ಬರಹ, ಚುನಾವಣೆಯ ತಾತ್ಕಾಲಿಕ ಬೋರ್ಡು, ಶಾಪಿಂಗ್ ಮಾಲ್‌ಗಳ ಒಳಗಿನ ಬೋರ್ಡು. ಹೊತ್ತು, ಹವೆ, ಸುದ್ದಿ ತೋರಿಸುವ ಬೋರ್ಡಿಗೂ ರಿಯಾಯಿತಿ! ಬೂಟಿನ ಚಿತ್ರ ನೋಡಿದರೆ ಅಪಘಾತ. ಓಡುತ್ತಿರುವ ಕಾರಿನಿಂದ ಸುದ್ದಿ ಓದಿದರೆ ಜ್ಞಾನ.

ಹೋರ್ಡಿಂಗ್ ಕಂಪನಿಗಳು ಕೋರ್ಟಿಗೆ ಹೋದವು. 1981ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಆದರೆ ಆಫ್-ಸೈಟ್ ಗೆರೆ ತಪ್ಪು ಅಂತಲ್ಲ. ಅಂಗಡಿಯವನು ತನ್ನ ಗೋಡೆಯ ಮೇಲೆ ಬೂಟಿನ ಬಗ್ಗೆ ಬರೆಯಬಹುದು, ಯುದ್ಧ ನಿಲ್ಲಿಸಿ ಅಂತ ಬರೆಯುವ ಹಾಗಿಲ್ಲ ಅನ್ನುವಂತಿತ್ತು ಕಾನೂನು. ವ್ಯಾಪಾರದ ಮಾತಿಗಿರುವ ಜಾಗ ವಿಚಾರದ ಮಾತಿಗೆ ಇಲ್ಲವೇ, ಅದು ಕೂಡದು ಎಂದಿತು ಕೋರ್ಟು. ಇನ್ನು ಗೆರೆಯ ವಿಷಯ. ಆಫ್-ಸೈಟ್ ಜಾಹೀರಾತು ಆಗಾಗ ಬದಲಾಗುತ್ತದೆ, ಅದರ ಕಾಟ ಜಾಸ್ತಿ ಅಂತ ನಗರಕ್ಕೆ ಅನ್ನಿಸಿದರೆ ಅನ್ನಿಸಲಿ ಎಂದಿತು. ಇಷ್ಟು ಹೇಳಲು ನ್ಯಾಯಮೂರ್ತಿಗಳು ಬರೆದದ್ದು ಐದು ಬೇರೆ ಬೇರೆ ಅಭಿಪ್ರಾಯ. ಅವರಲ್ಲೇ ಒಬ್ಬರಾದ ರೆನ್‌ಕ್ವಿಸ್ಟ್ ಈ ತೀರ್ಪನ್ನು ಬಾಬೆಲ್ ಗೋಪುರಕ್ಕೆ, ಅಂದರೆ ಬೈಬಲಿನ ಕಥೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಅರ್ಧಕ್ಕೇ ನಿಂತ ಗೋಪುರಕ್ಕೆ, ಹೋಲಿಸಿದರು. ಬೋರ್ಡು ಅರ್ಥವಾಗದವರಿಗೆ ತೀರ್ಪು ಓದುವ ಭಾಗ್ಯ.

ಈಗ ಮಾಲ್‌ಗೆ ಬರೋಣ. ಮಾಲ್ ಅಂದರೆ ಹೊರಗಿನಿಂದ ಒಂದೇ ಕಟ್ಟಡ. ಕಾಗದಪತ್ರದಲ್ಲಿ ಹಾಗಿರಬೇಕು ಅಂತೇನಿಲ್ಲ. ದೊಡ್ಡ ಮಳಿಗೆಯ ಜಾಗ ಒಬ್ಬರದು, ಪಾರ್ಕಿಂಗ್ ಇನ್ನೊಬ್ಬರದು, ಮೂಲೆಯ ಪೆಟ್ರೋಲ್ ಬಂಕ್ ಮತ್ತೊಬ್ಬರದು. ಮಾಲ್ ಮುಂದಿನ ಎತ್ತರದ ಕಂಬದಲ್ಲಿ ಎಲ್ಲರ ಹೆಸರೂ ಇರುತ್ತದೆ. ಕಂಬ ನಿಂತ ಜಾಗವೇ ಬೇರೆ ಸೈಟಾದರೆ? ಇಡೀ ಮಾಲನ್ನು ಒಂದೇ ಜಾಗ ಅಂತ ಕಾನೂನಿನಲ್ಲಿ ಬರೆದಿದ್ದರೆ ಬಚಾವ್. ಇಲ್ಲದಿದ್ದರೆ ತನ್ನದೇ ಕಂಬದಲ್ಲಿ ತನ್ನದೇ ಹೆಸರು ಹಾಕಿಕೊಂಡ ಅಂಗಡಿ ಪರದೇಶಿ.

ಇದಕ್ಕೆ ಜನ ಉಪಾಯ ಹುಡುಕದೆ ಇರುತ್ತಾರೆಯೇ? ಬೋರ್ಡು ಬೇಕಾದ ಕಡೆಯವರೆಗೆ ಓಣಿಯಷ್ಟು ಅಗಲದ ಜಾಗ ಜೋಡಿಸಿಕೊಂಡು 'ಇದೂ ನಮ್ಮ ಅಂಗಡಿಯ ಜಾಗವೇ' ಅನ್ನುವವರಿದ್ದಾರೆ. ಸುಮ್ನೆ ಹೇಳುತ್ತಿಲ್ಲ. ಇಂಥ ಕಿರಿದಾದ ಪಟ್ಟಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಹೆದ್ದಾರಿ ಬೋರ್ಡುಗಳ ಕೇಂದ್ರ ನಿಯಮದಲ್ಲೇ ಬರೆದಿದ್ದಾರೆ. ಅದೇ ನಿಯಮ ಇನ್ನೊಂದು ಮಾತೂ ಹೇಳುತ್ತದೆ. ಬೋರ್ಡಿನಲ್ಲಿ ಮುಖ್ಯವಾಗಿ ಒಂದು ಬ್ರಾಂಡಿನ ಹೆಸರಿದೆ, ಆ ವಸ್ತು ಅಲ್ಲಿ ನೆಪಮಾತ್ರಕ್ಕೆ ಸಿಗುತ್ತದೆ, ಮಾಲೀಕರಿಗೆ ಬೋರ್ಡಿನಿಂದ ಬಾಡಿಗೆಯೂ ಬರುತ್ತದೆ ಅಂದರೆ ಅದು ಅಂಗಡಿಯ ಬೋರ್ಡಲ್ಲ, ಜಾಹೀರಾತು.

ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಬ್ಬ ಇನ್‌ಸ್ಪೆಕ್ಟರು ಓಡಾಡುತ್ತಿದ್ದಾರೆ.

"ಏನ್ರೀ ಮ್ಯಾನೇಜರೇ, ಗೋಡೆ ಮೇಲಿನ ಬೂಟು ಒಳಗೆ ಸಿಗುತ್ತಾ?"

"ಸಿಗುತ್ತೆ ಸಾರ್. ಎರಡನೇ ಮಹಡಿ, ಲಿಫ್ಟಿನ ಪಕ್ಕದ ಬೀರುವಿನಲ್ಲಿ."

"ಎಷ್ಟು ಜೊತೆ ಇದೆ?"

"ಜೊತೆ ಅಂತ ಇಲ್ಲ ಸಾರ್. ಎಡಗಾಲಿನದು ಒಂದಿದೆ."

"ಬಲಗಾಲಿನದು?"

"ರಸ್ತೆಯಾಚೆ ಅಂಗಡಿಯಲ್ಲಿದೆ ಸಾರ್."

"ಹಾಗಾದರೆ ಬೋರ್ಡಿನಲ್ಲಿ ಬಲಗಾಲು ಅಕ್ರಮ. ಅದನ್ನು ಇವತ್ತೇ ಇಳಿಸಿ. ಎಡಗಾಲು ಇರಲಿ."

ನಗಬೇಡಿ, 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇದಕ್ಕಿಂತ ದೂರವೇನೂ ಹೋಗದ ಚರ್ಚೆ ನಡೆದಿದೆ. ಟೆಕ್ಸಸ್‌ನ ಆಸ್ಟಿನ್ ನಗರದ ಕೇಸು. ಅಲ್ಲಿ ಆನ್-ಸೈಟ್ ಬೋರ್ಡನ್ನು ಡಿಜಿಟಲ್ ಮಾಡಬಹುದು, ಹಳೆಯ ಆಫ್-ಸೈಟ್ ಬೋರ್ಡನ್ನು ಮಾಡುವ ಹಾಗಿಲ್ಲ. ಆಗಾಗ ಬದಲಾಗುತ್ತದೆ ಅನ್ನುವುದು 1981ರಲ್ಲಿ ಆಫ್-ಸೈಟ್ ಬೋರ್ಡಿನ ಮೇಲಿದ್ದ ಆರೋಪ ತಾನೇ? ಈಗ ಆಫ್-ಸೈಟ್ ಬೋರ್ಡು ಒಂದೇ ಕಾಗದ ಅಂಟಿಸಿಕೊಂಡು ಸಾಧುವಿನ ಹಾಗೆ ನಿಂತಿದೆ. ಮಿಣಮಿಣ ಅಂತ ಬಣ್ಣ ಬದಲಿಸುವ ಹಕ್ಕು ಆನ್-ಸೈಟಿಗೆ. ಆದರೂ ತಪ್ಪಿತಸ್ಥ ಮಾತ್ರ ಆ ಸಾಧುವೇ.

ಕೆಳಗಿನ ಕೋರ್ಟು ಒಂದು ಸರಳ ಪ್ರಶ್ನೆ ಎತ್ತಿತ್ತು. ಬೋರ್ಡು ಒಳಗಿನದರ ಬಗ್ಗೆಯೋ ಹೊರಗಿನದರ ಬಗ್ಗೆಯೋ ಅಂತ ತಿಳಿಯಲು ಅಧಿಕಾರಿ ಅದನ್ನು ಓದಲೇಬೇಕು. ಓದಿ ತೀರ್ಮಾನಿಸಿದ ಮೇಲೆ ಅದು ಮಾತಿನ ಮೇಲಿನ ನಿರ್ಬಂಧ ತಾನೇ? ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ಓದಿದರೂ ಪರವಾಗಿಲ್ಲ, ನೋಡುವುದು ಜಾಗವನ್ನು ಮಾತ್ರ ಎಂದಿತು. ಒಪ್ಪದ ನ್ಯಾಯಮೂರ್ತಿ ಥಾಮಸ್ ಒಂದು ಉದಾಹರಣೆ ಕೊಟ್ಟರು. ಒಂದು ಕ್ಯಾಥೊಲಿಕ್ ಪುಸ್ತಕದ ಅಂಗಡಿ. ಮುಂದಿನ ಬೋರ್ಡಿನಲ್ಲಿ 'ಪವಿತ್ರ ನಾಡಿಗೆ ಹೋಗಿ ಬನ್ನಿ' ಅಂತಿದ್ದರೆ ಆಫ್-ಸೈಟ್. ಅಂಗಡಿಯ ಹೆಸರೇ ಪವಿತ್ರ ನಾಡು ಪುಸ್ತಕಾಲಯ ಆಗಿದ್ದರೆ ಮಾತು ಬೇರೆ. 'ಪಾಪ ನಿವೇದನೆ ಮಾಡಿಕೊಳ್ಳಿ' ಅಂತಿದ್ದರೆ? ಆ ಅಂಗಡಿಯಲ್ಲಿ ಪಾದ್ರಿಗಳು ಕೂತು ನಿವೇದನೆ ಕೇಳುತ್ತಾರೋ ಇಲ್ಲವೋ ಅಂತ ಅಧಿಕಾರಿ ವಿಚಾರಿಸಬೇಕು. ಇದನ್ನು ಬರೆದದ್ದು ಹಾಸ್ಯ ಲೇಖಕರಲ್ಲ, ಹಾಲಿ ನ್ಯಾಯಮೂರ್ತಿ. ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಇದು.

ಇಷ್ಟೆಲ್ಲ ಕಟ್ಟುನಿಟ್ಟು ಖಾಸಗಿಯವರಿಗೆ. ನಗರಸಭೆಯ ಸ್ವಂತ ಜಾಗಕ್ಕೆ ಬಂದರೆ ಕಣ್ಣಿನ ಶಕ್ತಿ ಇನ್ನೂ ಹೆಚ್ಚುತ್ತದೆ. ಲಾಸ್ ಏಂಜಲೀಸ್ 2001ರಲ್ಲಿ ಬಸ್ ಸ್ಟಾಪು ಮುಂತಾದ ಕಡೆ ಜಾಹೀರಾತು ಹಾಕುವ ಹಕ್ಕನ್ನು ಒಂದು ಕಂಪನಿಗೆ ಕೊಟ್ಟಿತು, ಬದಲಿಗೆ ದುಡ್ಡು ಪಡೆಯಿತು. ಮರುವರ್ಷ ಊರಿಗೆಲ್ಲ ಹೊಸ ಆಫ್-ಸೈಟ್ ಬೋರ್ಡು ಬೇಡ ಅಂತ ಕಾನೂನು ಮಾಡಿತು. ಮತ್ತೆ ಅದೇ ಕಾರಣ, ಅಂದ ಮತ್ತು ಸುರಕ್ಷತೆ. ಇನ್ನೊಂದು ಕಂಪನಿಗೆ ಹೊಟ್ಟೆ ಉರಿಯಿತು, ಕೋರ್ಟಿಗೆ ಹೋಯಿತು. 2009ರಲ್ಲಿ ಮೇಲ್ಮನವಿ ಕೋರ್ಟು ನಗರದ ಪರ ನಿಂತಿತು. ನಗರದ ಹತೋಟಿಯಲ್ಲಿರುವ ಜಾಹೀರಾತು ಬೇರೆ, ಎಲ್ಲರೂ ಎಲ್ಲೆಂದರಲ್ಲಿ ನಿಲ್ಲಿಸುವುದು ಬೇರೆ ಅನ್ನುವುದು ಅದರ ತರ್ಕ.

ತರ್ಕ ಚೆನ್ನಾಗಿದೆ. ಹಾಗಿದ್ದರೆ ಮಾಲ್‌ನವರು ವಕೀಲರಿಗೆ ಸುರಿಯುವ ದುಡ್ಡು ಉಳಿಸಿಕೊಂಡು ನಗರಸಭೆಗೆ ಒಂದು ಅರ್ಜಿ ಹಾಕಲಿ: ನಮ್ಮ ನಾಲ್ಕೂ ಗೋಡೆಗಳಿಗೆ ತಾಗಿದಂತೆ ಒಂದೊಂದು ಬಸ್ ಸ್ಟಾಪ್ ಕೊಡಿ. ಬಸ್ ಬರದಿದ್ದರೂ ನಡೆಯುತ್ತದೆ.