ಪರ–ವಿರೋಧ: ಮೆದುಳಿನ ರಕ್ತಹರಿವು ಅಳೆಯಲು ರಾಯಚೂರಿಗೂ ಅಲ್ಟ್ರಾಸೌಂಡ್ ಬೇಕೇ?

ಪರ: ಎಕೋ ರೂಮಿನಲ್ಲೇ ಶುರು ಮಾಡಬಹುದು
(ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವರು)

ಬೇಕು. ಅದೂ ಬೇಗ ಬೇಕು. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಷ್ಟೇ ಇರುವ ಮೆದುಳು ಆಮ್ಲಜನಕದಲ್ಲಿ ಸುಮಾರು 20 ಪಾಲು ಬಳಸುತ್ತದೆ. ದಾಸ್ತಾನು ಮಾಡಿಟ್ಟುಕೊಳ್ಳುವ ಸೌಕರ್ಯ ಅದಕ್ಕಿಲ್ಲ. ಯಾವ ಭಾಗದ ನರಕೋಶಗಳು ದುಡಿಯುತ್ತವೋ ಅಲ್ಲಿಗೆ ಸೆಕೆಂಡುಗಳಲ್ಲೇ ರಕ್ತ ಹೆಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ಹೊಟ್ಟೆಕಿಚ್ಚು ಪಟ್ಟಾರು: ಕೇಳಿದ ಹೊಲಕ್ಕೆ ಕೇಳಿದಾಗಲೇ ನೀರು!

ಇದನ್ನು ನೋಡಲು ಕೋಟಿಗಟ್ಟಲೆಯ ಎಂ.ಆರ್.ಐ. ಬೇಕೆಂದೇನಿಲ್ಲ. 1982ರಲ್ಲೇ ರೂನ್ ಆಸ್ಲಿಡ್ ಮತ್ತು ಸಂಗಡಿಗರು 2 ಮೆಗಾಹರ್ಟ್ಸ್ ಡಾಪ್ಲರ್ (ಓಡುವ ರಕ್ತಕ್ಕೆ ತಾಗಿ ಮರಳುವ ಅಲ್ಟ್ರಾಸೌಂಡ್ ಅಲೆಯಿಂದ ಅದರ ವೇಗ ಹೇಳುವ ಸಾಧನ) ಹಿಡಿದು, ಕಪಾಲದ ತೆಳು ಎಲುಬಿನ ಮೂಲಕ ಮೆದುಳಿನ ನಾಳಗಳಲ್ಲಿ ರಕ್ತದ ವೇಗ ಅಳೆದರು. ಹೃದಯದ ಎಕೋ, ಅಂದರೆ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡುವಾಗ ಮೈಗೆ ಒತ್ತಿ ಹಿಡಿಯುವ ಪ್ರೋಬ್ ಹತ್ತಿರಹತ್ತಿರ ಇದೇ ಕಂಪನಾಂಕದ್ದು. ಆ ಯಂತ್ರ ರಾಯಚೂರಿನಲ್ಲಿ ಇಲ್ಲವೇ?

ಹೋದ ವರ್ಷ ನಮ್ಮ ಹುಡುಗರಿಗೆ ಮಾಡಿ ತೋರಿಸಿದೆ. ವಿದ್ಯಾರ್ಥಿನಿಯೊಬ್ಬಳನ್ನು ಮಲಗಿಸಿ, ಕಿವಿಯ ಮುಂದೆ, ಕೆನ್ನೆಯೆಲುಬಿನ ಮೇಲ್ಗಡೆ ಜೆಲ್ ಹಚ್ಚಿ ಪ್ರೋಬ್ ಒತ್ತಿ ಹಿಡಿದೆ. ಮೆದುಳಿನ ಹಿಂಭಾಗಕ್ಕೆ ಹೋಗುವ ನಾಳ ಸಿಗುವಷ್ಟರಲ್ಲಿ ಬೆವರು ಇಳಿಯಿತು (ರಾಯಚೂರಿನ ಏಪ್ರಿಲ್‌ಗೂ ಅದರಲ್ಲಿ ಪಾಲಿರಲಿ). ಕಣ್ಣು ಮುಚ್ಚಿದಾಗ ವೇಗ ಸೆಕೆಂಡಿಗೆ 40 ಸೆಂ.ಮೀ. ಆಸುಪಾಸು. ‘ಕಣ್ಣ ತೆಗಿಯವ್ವ, ಗ್ವಾಡಿ ಮ್ಯಾಲಿನ ಚಿತ್ರ ನೋಡು’ ಅಂದೆ. ತೆರೆದದ್ದೇ ತಡ, ಪರದೆಯ ಅಲೆ ಎತ್ತರ ಹತ್ತಿತು, ಯಂತ್ರದ ಶ್... ಶ್... ಸದ್ದೂ ಏರಿತು. ಹಿಂದಿನಿಂದ ಒಬ್ಬ, ‘ಮೇಡಂ, ಆಕಿ ನೋಡಾಕತ್ತಿದ್ದು ನಮಗ ಕೇಳಾಕತ್ತೈತ್ರಿ!’ ಎಂದ. ಇಂಥ ಪಾಠ ಯಾವ ಪುಸ್ತಕದಲ್ಲಿ ಸಿಗುತ್ತದೆ?

ಎಲುಬು ಅಡ್ಡ ಬರುತ್ತದೆ ಎಂಬ ರಾಗ ಎದುರಿನವರು ಎಳೆಯುತ್ತಾರೆ, ಗೊತ್ತು. ಆ ದಿನವೂ ಒಬ್ಬನ ತಲೆಯಲ್ಲಿ ಏನೂ ಸಿಗಲಿಲ್ಲ. ‘ಇವನ ತಲಿ ಮೊದಲಿಂದಲೂ ಗಟ್ಟಿರಿ’ ಎಂದು ಗೆಳೆಯರು ನಕ್ಕರು. ಅಷ್ಟೇ ವಿಷಯ. ಅವನಿಗೆ ಆಗಲಿಲ್ಲವೆಂದು ಉಳಿದವರಿಗೂ ಬೇಡವೇ? ಎಳೆಗೂಸಿನ ನೆತ್ತಿಯಲ್ಲಂತೂ ಎಲುಬು ಇನ್ನೂ ಕೂಡಿಕೊಂಡಿರುವುದಿಲ್ಲ. 2011ರಲ್ಲಿ ಪ್ಯಾರಿಸ್‌ನ ಮಿಕೇಲ್ ತಾಂತೆರ್ ಅವರ ತಂಡ ಇಲಿಯ ಮೆದುಳಿನಲ್ಲಿ ತೋರಿಸಿದ ವಿಧಾನ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಸಣ್ಣ ನಾಳಗಳ ಹರಿವನ್ನೂ ಹಿಡಿಯುತ್ತದೆ. ಮುಂದೆ ಅದೇ ವಿಧಾನ ನವಜಾತ ಶಿಶುಗಳ ನೆತ್ತಿಯ ಮೂಲಕವೂ ಕೆಲಸ ಮಾಡಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಬೆಂಗಳೂರಿಗೆ ಸಾಗಿಸುವುದಕ್ಕಿಂತ ಕೂಸಿನ ಬಳಿಗೆ ಯಂತ್ರ ತರುವುದು ಮೇಲಲ್ಲವೇ? ಏಮ್ಸ್ ಬೇಕೆಂದು ವರ್ಷಗಟ್ಟಲೆ ಧರಣಿ ಕೂತ ಊರಿದು. ಸಂಶೋಧನೆ ಅಂದಕೂಡಲೇ ‘ನಮಗ್ಯಾಕ್ರಿ’ ಅನ್ನುವುದೇಕೆ?

ವಿರೋಧ: ಮೊದಲು ಟೆಕ್ನೀಷಿಯನ್ ಕೊಡಿ
(ಲಿಂಗಸುಗೂರಿನಲ್ಲಿ ಪ್ರಾಕ್ಟೀಸ್ ಮಾಡುವ ಫಿಜಿಶಿಯನ್)

‘ಪರ’ವನ್ನು ಮೇಡಂ ಮೊದಲೇ ಹಿಡಿದುಕೊಂಡಿದ್ದರಿಂದ ನನ್ನ ಪಾಲಿಗೆ ಇದು ಬಂತು. ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಪ್ರೋಬ್ ಹಚ್ಚಿದರೆ ಮನಸ್ಸಿನಲ್ಲಿದ್ದದ್ದೆಲ್ಲ ಪರದೆಗೆ ಬರುತ್ತದೆ ಎಂಬ ಹಾಗೆ ಮಾತಾಡಬಾರದು. ಡಾಪ್ಲರ್ ಅಳೆಯುವುದು ದೊಡ್ಡ ನಾಳದಲ್ಲಿ ರಕ್ತ ಓಡುವ ವೇಗ. ಉಸಿರು ಬಿಗಿಹಿಡಿದರೂ ಅದು ಏರುತ್ತದೆ. ಸಣ್ಣ ನಾಳ ಕಾಣುವ ಹೊಸ ವಿಧಾನಕ್ಕೆ ದೊಡ್ಡವರ ತಲೆಬುರುಡೆ ಇನ್ನೂ ಗೋಡೆಯೇ. 2024ರಲ್ಲಿ ಅಮೆರಿಕದಿಂದ ವರದಿಯಾದ ರೋಗಿ ಗಿಟಾರ್ ನುಡಿಸುವಾಗ ಅವನ ಮೆದುಳು ನೋಡಿದರು, ನಿಜ. ಅವನಿಗೆ ಎಲುಬಿನ ಜಾಗದಲ್ಲಿ ಅಕ್ರಿಲಿಕ್ ಕೂರಿಸಲಾಗಿತ್ತು.

1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯೂ ಇದೆ. ಅಲ್ಟ್ರಾಸೌಂಡ್ ಅಂದರೆ ನೋಂದಣಿ, ಕಡತ, ತಪಾಸಣೆ. ಇರಲೇಬೇಕಾದ ಕಾಯ್ದೆ, ದೂರುತ್ತಿಲ್ಲ.

ನಮ್ಮ ಸೋದರಮಾವನಿಗೆ ಹೊಲದಲ್ಲಿ ಎಡಗೈ ಸೋತು ಬಾಯಿ ಸೊಟ್ಟಾಯಿತು. ಲಕ್ವ ಹೊಡೆದಿದೆ ಎಂದು ಮನೆಯವರು ಮೊದಲು ಓಡಿದ್ದು ನಾಟಿ ಔಷಧಕ್ಕೆ. ನನಗೆ ಫೋನ್ ಬಂದಾಗ ಮಧ್ಯಾಹ್ನವಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೂ ಮುಂಚೆ, ಮೆದುಳಿನೊಳಗೆ ರಕ್ತ ಸೋರಿಲ್ಲ ಎಂದು ಸಿ.ಟಿ.ಯಲ್ಲಿ ನೋಡಲೇಬೇಕು. ಕರೆದೊಯ್ದ ಕಡೆ ಸಿ.ಟಿ. ಯಂತ್ರ ಇತ್ತು, ನಡೆಸುವವನು ಇರಲಿಲ್ಲ; ಊಟಕ್ಕೆ ಹೋದವನು ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಮಾವನ ಅಂಗಿಗೆ ಇವತ್ತಿಗೂ ಅತ್ತೆಯೇ ಗುಂಡಿ ಹಾಕಬೇಕು.

ಕೂಸುಗಳ ಮಾತಿಗೆ ನನ್ನಲ್ಲಿ ಜಗಳವಿಲ್ಲ. ದುಡ್ಡು ಬಂದರೆ ಮಾತ್ರ ಮೊದಲು ಆ ಕುರ್ಚಿಗೆ ಇನ್ನೊಬ್ಬ ಟೆಕ್ನೀಷಿಯನ್ ಬರಲಿ. ಡಾಪ್ಲರ್ ಆಮೇಲೆ, ಬಂತೆಂದರೆ ಕಲಿಯಲು ನಾನೂ ಬರ್ತೀನ್ರಿ ಮೇಡಂ.