ಅಗರಬತ್ತಿ ಹಚ್ಚಿಟ್ಟ ಗಾಡಿ

ಹಳೆಯ ಮೋಟರ್‌ಹೋಮ್ (ಹಾಸಿಗೆ, ಒಲೆ ಇರುವ ಮನೆಗಾಡಿ) ಕೊಳ್ಳಲೆಂದು ನೋಡಲು ಹೋದಾಗ ಒಳಗೆ ಅಗರಬತ್ತಿ ಉರಿಯುತ್ತಿದ್ದರೆ ಕೈ ಮುಗಿಯಿರಿ. ದೇವರಿಗಲ್ಲ, ಗೋಡೆಯ ಪ್ಲೈವುಡ್ಡಿಗೆ. ಅದು ತೀರಿಕೊಂಡು ಬಹಳ ದಿನವಾಗಿರುತ್ತದೆ.

"ಗಾಡಿಯಾಗೂ ದಿನಾ ಪೂಜಾ ಮಾಡ್ತೀವ್ರೀ ಸಾಹೇಬ್ರ" ಎಂದು ಮಾರುವವರು ಹೇಳಬಹುದು. ಮಾಡಲಿ ಪಾಪ. ಆದರೆ ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಹತ್ತು ಮಳೆಗಾಲ ಮಡಗಾಂವದ ಯಾವುದೋ ಕಂಪೌಂಡಿನಲ್ಲಿ ನಿಂತ ಗಾಡಿಯೆಂದರೆ ತಲೆಯ ಮೇಲೆ ಮೂವತ್ತು ಮೀಟರ್ ನೀರು ಸುರಿಸಿಕೊಂಡ ಗಾಡಿ. ಅಷ್ಟು ನೀರಿಗೆ ಒಂದು ಸಡಿಲ ಸ್ಕ್ರೂವಿನ ತೂತು ಬೇಕಾದಷ್ಟಾಯಿತು.

ನೋಡಲು ಸರಿಯಾದ ತಿಂಗಳು ಆಗಸ್ಟ್. ಮಾರುವವರಿಗೆ ಇದು ಗೊತ್ತು, ಹಾಗಾಗಿ ಜಾಹೀರಾತು ಬರುವುದು ನವೆಂಬರಿನಲ್ಲಿ. ಆಗ ಸೋರುವ ಗಾಡಿಯೂ ಸಂತನಂತೆ ಒಣಗಿ ಕೂತಿರುತ್ತದೆ. ಜೊತೆಗೆ ಭಾವಮೈದುನನನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿದೆ. ಅವನು ನೇರ ಹಾಸಿಗೆಯ ಮೇಲೆ ಕೂತು, ಫ್ರಿಜ್ಜಿನ ಬಾಗಿಲು ತೆರೆದು, ದೀಪ ಹಚ್ಚಿ ಆರಿಸಿ, "ಮಸ್ತ್ ಐತಿ, ತಗೋರಿ" ಎನ್ನುತ್ತಾನೆ. ಅಲ್ಲಿಗೆ ಚೌಕಾಸಿ ಮುಗಿಯಿತು. ಅವನ ಬದಲು ಒಂದು ಚೀಲ ಸಾಕು: ಟಾರ್ಚು, ಮೊಂಡು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಮಲ್ಟಿಮೀಟರ್, ತೇವಾಂಶದ ಮೀಟರ್, ಅಳತೆ ಟೇಪು, ಪೆನ್ಸಿಲ್ಲು, ತೆಳು ಕಾಗದ, ಬಾಟಲಿಯಲ್ಲಿ ಸೋಪಿನ ನೀರು, ಗಾಡಿಯಡಿ ಮಲಗಲು ಒಂದು ಹಳೆಯ ಬೆಡ್‌ಶೀಟು.

ಮೊದಲು ಏಣಿ ಹಾಕಿ ಮಾಡು ನೋಡಬೇಕು. ಹತ್ತಿ ಓಡಾಡಬೇಡಿ, ಏಣಿಯ ಮೇಲಿಂದಲೇ ಅಂಗೈಯಲ್ಲಿ ಒತ್ತಿ. ಗಾಳಿಕಿಂಡಿ, ಎಸಿ, ಸೋಲಾರ್ ಪ್ಯಾನಲ್ಲು, ಇವುಗಳ ಸುತ್ತ ಸಂದು ಮುಚ್ಚುವ ಸಿಲಿಕಾನ್ ಅಂಟನ್ನು ಹೋಳಿಗೆಗೆ ತುಪ್ಪ ಬಳಿದಂತೆ ಬಳಿದಿದ್ದರೆ ಅಲ್ಲಿ ಸೋರಿದೆ, ಹಚ್ಚಿದ್ದಾರೆ, ಮತ್ತೆ ಸೋರಿದೆ, ಮತ್ತೆ ಹಚ್ಚಿದ್ದಾರೆ. ಹಳೆಯ ಸಿಲಿಕಾನಿಗೆ ಹೊಸ ಸಿಲಿಕಾನ್ ಅಂಟುವುದಿಲ್ಲ. ಎಲ್ಲವನ್ನೂ ಕೆರೆದು ತೆಗೆದು, ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪು (ರಬ್ಬರಿನಂಥ ಅಂಟುಪಟ್ಟಿ) ಕೂರಿಸಿ, ಅಂಚಿಗೆ ಪಾಲಿಯುರೆಥೇನ್ ಸೀಲಂಟ್ ಹಾಕುವುದು ಸರಿಯಾದ ಕ್ರಮ. ಅದಕ್ಕೆ ಒಂದು ದಿನ ಬೇಕು. ಟ್ಯೂಬು ಹಿಂಡಲು ಐದು ನಿಮಿಷ.

ಆಮೇಲೆ ತೋಟದ ಪೈಪು ಕೇಳಿ. ನೀರನ್ನು ಮೇಲಿಂದ ಸುರಿಯಬಾರದು, ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಆಗಲೇ ಯಾವ ಮಟ್ಟದಲ್ಲಿ ನೀರು ಒಳಬಂತು ಎಂಬುದು ಗೊತ್ತಾಗುವುದು. ಒಂದೊಂದು ಪಕ್ಕಕ್ಕೂ ಹದಿನೈದು ನಿಮಿಷ. ಈ ಹೊತ್ತಿನಲ್ಲಿ ಮಾರುವವರಿಗೆ ನೀರಿನ ಬಿಲ್ಲಿನ ಚಿಂತೆ ಹತ್ತಿದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಈಗ ಒಳಗೆ. ಹಿಂದಿನ ಹಾಸಿಗೆಯ ಕುಶನ್ ಎತ್ತಿ, ಅದರ ಹಿಂದೆ ಎರಡು ಗೋಡೆ ಕೂಡುವ ಮೂಲೆಗೆ ಟಾರ್ಚನ್ನು ನೇರ ಬಿಡದೆ ಗೋಡೆಗೆ ಒರಗಿಸಿ ಅಡ್ಡ ಹಿಡಿಯಿರಿ. ಸಪಾಟಾಗಿ ಕಂಡ ಮೈಕಾದ ಮೇಲೆ ಆಗ ಸಣ್ಣ ಸಣ್ಣ ಅಲೆಗಳು ಏಳುತ್ತವೆ, ಹಪ್ಪಳ ಕಾಯಿಸುವಾಗ ಮೊದಲು ಏಳುವ ಗುಳ್ಳೆಯ ಹಾಗೆ. ಹೆಬ್ಬೆರಳಿನಲ್ಲಿ ಒತ್ತಿದರೆ ಗೋಡೆ ಒಳಹೋಗಿ ವಾಪಸ್ ಬರುವುದಿಲ್ಲ. ಮೂಲೆಯ ಬೀಡಿಂಗ್ ಪಟ್ಟಿಯ ಪಕ್ಕ ಸ್ಕ್ರೂಡ್ರೈವರಿನ ಮೊಂಡು ತುದಿ ಇಟ್ಟರೆ ಅದು ನೆನೆಸಿದ ರಸ್ಕಿನೊಳಗೆ ಹೋದಂತೆ ಹೋಗುತ್ತದೆ. ಹೊರಗೆಳೆದಾಗ ತುದಿಯಲ್ಲಿ ಕಪ್ಪು ಹುಡಿ. ಪರಿಮಳಕ್ಕೆ ಅಗರಬತ್ತಿ ಸಾಲುವುದಿಲ್ಲ.

ತೇವಾಂಶದ ಮೀಟರ್ ಇದ್ದವರು ಅಂಕಿ ನೋಡಿ ಹೆದರುವುದೂ ಉಂಟು. ಕಟ್ಟಿಗೆಯಲ್ಲಿ ಶೇಕಡಾ 15ರ ಒಳಗಿದ್ದರೆ ನಿಶ್ಚಿಂತೆ, 20 ದಾಟಿದರೆ ಅನುಮಾನ, 30ರ ಹತ್ತಿರ ಕೊಳೆತ ಎಂಬುದು ಸಾಮಾನ್ಯ ಲೆಕ್ಕ. ಆದರೆ ಕೊಂಕಣದ ಮಳೆಗಾಲದಲ್ಲಿ ಒಳ್ಳೆಯ ಪ್ಲೈವುಡ್ಡೂ ಗಾಳಿಯಿಂದಲೇ ತೇವ ಹೀರಿಕೊಂಡಿರುತ್ತದೆ. ಆದ್ದರಿಂದ ಗೋಡೆಯ ನಟ್ಟನಡುವೆ ಒಮ್ಮೆ, ಮೂಲೆಯಲ್ಲಿ ಒಮ್ಮೆ ಇಟ್ಟು ವ್ಯತ್ಯಾಸ ನೋಡಿ. ನಡುವೆ 17, ಮೂಲೆಯಲ್ಲಿ 28 ಬಂದರೆ ತಪ್ಪು ಹವಾಮಾನದ್ದಲ್ಲ. ಬಾಗಿಲ ಬಳಿ, ಸ್ನಾನದ ಮನೆಯೆದುರು, ಸಿಂಕಿನ ಕೆಳಗೆ ಹಿಮ್ಮಡಿ ಊರಿ ನಿಲ್ಲುವುದೂ ಮರೆಯಬಾರದು. ನೆಲ ಸ್ಪಂಜಿನಂತೆ ಕುಗ್ಗಿದರೆ "ಕಾರ್ಪೆಟ್ ದಪ್ಪ ಐತ್ರೀ" ಎಂಬ ಉತ್ತರ ಸಿದ್ಧವಿರುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಮಾತ್ರ ಯಾರ ಹತ್ತಿರವೂ ಉತ್ತರವಿರುವುದಿಲ್ಲ.

"ಡಾಕ್ಟರ್ ಗಾಡಿ, ಸಿಂಗಲ್ ಹ್ಯಾಂಡ್" ಎಂಬ ಮಾತಿಗೆ ಮರುಳಾಗುವ ಮೊದಲು ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಎರಡು ಇಂಚು ಎತ್ತಿ. ಹೊರಗೆ ಬಿಳಿ, ರಬ್ಬರಿನಡಿ ಹಳದಿ ಬಣ್ಣ ಇದ್ದರೆ ಅದು ಹಿಂದಿನ ಜನ್ಮದಲ್ಲಿ ಶಾಲೆಯ ವ್ಯಾನು. ಮಾಡಿನ ಒಳಗೆ ಹಾಸಿಗೆಯ ನೇರಕ್ಕೆ ಒಂದು ಗಟ್ಟಿ ಕೊಕ್ಕೆ ಇದ್ದು, ಅದಕ್ಕೆ ಲಾಟೀನು ತೂಗುಬಿಟ್ಟಿದ್ದರೆ, ಒಮ್ಮೆ ಅಲ್ಲಿ ಸಲೈನ್ ಬಾಟಲಿ ತೂಗುತ್ತಿತ್ತು. ಡಾಕ್ಟರ್ ಗಾಡಿ ಎಂದದ್ದು ಸುಳ್ಳಲ್ಲ.

ಹಳೆಯ ಆಂಬ್ಯುಲೆನ್ಸು ಮನೆಯಾಗುವುದರಲ್ಲಿ ಅವಮಾನವೇನಿಲ್ಲ, ಕಾಗದ ಸರಿಯಿದ್ದರೆ. ಆರ್‌ಸಿಯಲ್ಲಿ ವಾಹನದ ವರ್ಗ ಮೋಟರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದಿರಬೇಕು. ಮೋಟರ್ ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಒಳಗೆ ಹಾಸಿಗೆ, ಒಲೆ, ಕಕ್ಕಸು ಎಲ್ಲಾ ಇದ್ದು ಕಾಗದದಲ್ಲಿ ಇನ್ನೂ ಹದಿಮೂರು ಸೀಟಿನ ಬಸ್ಸಾಗಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಒಪ್ಪಿಗೆಯಿಲ್ಲದ ಮಾರ್ಪಾಡು; ಅಪಘಾತವಾದರೆ ವಿಮೆಯವರು ಮೊದಲು ಓದುವುದು ಅದನ್ನೇ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಮಾರಾಟಕ್ಕೆ ಫಾರ್ಮ್ 29 ಮತ್ತು 30, ಬೆಳಗಾವಿಗೋ ಕಾರವಾರಕ್ಕೋ ಒಯ್ಯುವುದಾದರೆ ಎನ್‌ಒಸಿಗೆ 28, ಸಾಲವಿದ್ದರೆ ಅದು ತೀರಿತೆಂದು ಬ್ಯಾಂಕು ಸಹಿ ಹಾಕಿದ 35.

ಅರಂಬೋಲ್, ಅಂಜುನಾ ಬೀಚುಗಳ ಕಡೆ ಯುರೋಪಿನ ನಂಬರ್ ಪ್ಲೇಟಿನ ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕರೆ ಫೋಟೋ ತೆಗೆದುಕೊಂಡು ಬನ್ನಿ, ಅಷ್ಟೇ. ಅವು ಸಾಮಾನ್ಯವಾಗಿ ಕಾರ್ನೆ ಎಂಬ ಕಾಗದದ ಮೇಲೆ ತಾತ್ಕಾಲಿಕವಾಗಿ ಬಂದವು, ದೇಶ ಬಿಟ್ಟು ವಾಪಸ್ ಹೋಗಬೇಕಾದವು. ಕಸ್ಟಮ್ಸ್ ಸುಂಕ ಕಟ್ಟದೆ ಇಲ್ಲಿ ಮಾರುವಂತಿಲ್ಲ.

ಬೆಡ್‌ಶೀಟು ಹಾಸಿ ಕೆಳಗೆ ಹೋಗುವ ಕೆಲಸಕ್ಕೆ ಝುವಾರಿನಗರದ ಕಡೆಯಿಂದ ಹುಬ್ಬಳ್ಳಿ ಮೂಲದ ಮೇಸ್ತ್ರಿಯೊಬ್ಬ ಸಿಕ್ಕರೆ ಪುಣ್ಯ. ಸಮುದ್ರದ ಉಪ್ಪುಗಾಳಿ ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಲ್ಲಿ ಬಡಿದಾಗ ಟಣ್ ಎಂದರೆ ಕಬ್ಬಿಣ, ದಬ್ ಎಂದರೆ ತುಕ್ಕು. ಅಡಿಗೆಲ್ಲ ಹೊಸ ಕರಿಬಣ್ಣ ಬಳಿದು ಮಿಂಚುತ್ತಿದ್ದರೆ ಮೇಸ್ತ್ರಿ ಉಗುರಿನಿಂದ ಕೆರೆಯುತ್ತಾನೆ, ಆಮೇಲೆ ಕೈ ಹಿಂದಕ್ಕೆ ತೆಗೆಯುತ್ತಾನೆ: "ಬ್ಯಾಡ್ರೀ ಸಾಹೇಬ್ರ, ಬಣ್ಣಾ ತೆಗದ್ರ ಚಾಸೀನೂ ಕೂಡ ಬರ್ತೈತಿ."

ಟೈರಿನ ಗ್ರಿಪ್ಪು ಹೊಸದರಂತೆ ಇರುತ್ತದೆ, ಯಾಕೆಂದರೆ ಗಾಡಿ ಓಡಿಯೇ ಇಲ್ಲ. ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದರೆ 2016ರ 23ನೇ ವಾರ. ನಿಂತಲ್ಲೇ ಬಿರುಕು ಬಿಟ್ಟ ಟೈರು ಘಾಟಿಯಲ್ಲಿ ಒಡೆಯುತ್ತದೆ. ಸ್ಟೆಪ್ನಿಯದ್ದೂ ಓದಿ, ಅದು ಮನೆಯ ಹಿರಿಯ.

ಎಂಜಿನ್ನು ತಣ್ಣಗಿರಬೇಕು. ಫೋನಿನಲ್ಲೇ "ನಾವು ಬರೋತನಕ ಸ್ಟಾರ್ಟ್ ಮಾಡಬ್ಯಾಡ್ರಿ" ಎಂದು ಹೇಳಿ, ಹೋದ ಕೂಡಲೇ ನಮಸ್ಕಾರಕ್ಕಿಂತ ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಅದು ಬೆಳಿಗ್ಗೆ ಏಳಲು ಹಟ ಮಾಡುವ ಗಾಡಿ. ಹೊಗೆ ಕಪ್ಪಾದರೆ ಏರ್ ಫಿಲ್ಟರೋ ಇಂಜೆಕ್ಟರೋ, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿಯಾಗಿಯೇ ಬಂದರೆ ಎಂಜಿನ್ ತಂಪಿಡುವ ಕೂಲಂಟ್ ದ್ರವ ಒಳಗೆ ಹೋಗುತ್ತಿದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿದಾಗ ಒಳಗಿನಿಂದ ಉಗಿಬಂಡಿಯಂತೆ ಬುಸುಗುಟ್ಟಿದರೆ ಪಿಸ್ಟನ್ ರಿಂಗು ಸವೆದಿವೆ. ಮುಚ್ಚಳದಡಿ ಬೆಣ್ಣೆಯಂಥ ಪದರ ಇದ್ದರೆ ಕೂಡಲೇ ಎದೆ ಹಿಡಿದುಕೊಳ್ಳಬೇಡಿ. ತೇವದ ಊರಿನಲ್ಲಿ ಕಮ್ಮಿ ಓಡಿದ ಗಾಡಿಗೆ ಸ್ವಲ್ಪ ಬರುತ್ತದೆ. ಕೂಲಂಟ್ ಡಬ್ಬಿಯಲ್ಲೂ ಎಣ್ಣೆ ತೇಲುತ್ತಿದ್ದರೆ ಆಗ ಹಿಡಿದುಕೊಳ್ಳಿ.

ಎಸಿ ತಂಪಾಗಿ ಬೀಸುತ್ತಿದೆಯೇ? ವೈರಿನ ಇನ್ನೊಂದು ತುದಿ ಹುಡುಕಿ. ಅದು ಮಾರುವವರ ಅಡುಗೆಮನೆಯ ಕಿಟಕಿಯೊಳಗೆ, ಮಿಕ್ಸರ್ ಪಾಯಿಂಟಿಗೆ ಹೋಗಿರುತ್ತದೆ. ದೂಧಸಾಗರದ ದಾರಿಯಲ್ಲಿ ಆ ಕಿಟಕಿ ಇರುವುದಿಲ್ಲ. ಬ್ಯಾಟರಿಯನ್ನೂ ಚಾರ್ಜರ್ ಹಾಕಿಯೇ ತೋರಿಸುತ್ತಾರೆ. ಹಿಂದಿನ ರಾತ್ರಿಯೇ ಚಾರ್ಜರ್ ತೆಗೆಸಿ ಮಲ್ಟಿಮೀಟರ್ ಇಡಿ: ಸೀಸದ ಬ್ಯಾಟರಿಯಲ್ಲಿ 12.7 ವೋಲ್ಟ್ ಪೂರ್ತಿ, 12.2 ಅರ್ಧ, 12ರ ಕೆಳಗೆ ಖಾಲಿ ಕೊಡ. ಫ್ಯಾನು, ದೀಪ ಹಾಕಿ ಅರ್ಧ ಗಂಟೆಯಲ್ಲೇ 12ರ ಕೆಳಗೆ ಜಾರಿದರೆ ಡಬ್ಬಿ ಮಾತ್ರ ಉಳಿದಿದೆ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ ಮಾತಾಡದೆ ಚಪ್ಪಲಿ ಮೆಟ್ಟಿ ಹೊರಡಿ.

ಗ್ಯಾಸಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಸಿಲಿಂಡರಿನ ಕಪಾಟಿಗೆ ನೆಲದ ಮಟ್ಟದಲ್ಲೇ ಹೊರಕ್ಕೆ ಕಿಂಡಿ ಇರಬೇಕು. ಜಿರಲೆ ಬರುತ್ತದೆಂದು ಆ ಕಿಂಡಿಗೆ ಬಟ್ಟೆ ತುರುಕುವ ಜಾಣರು ಇದ್ದಾರೆ.

ತೂಕದ ವಿಷಯದಲ್ಲಿ ನಮ್ಮವರದು ಧಾರಾಳ ಕೈ. 100 ಲೀಟರ್ ನೀರೆಂದರೆ 100 ಕಿಲೋ. 150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿ ಒಂದೊಂದೂ 50 ಕಿಲೋ ಮೇಲೆ. ಇಷ್ಟು ಸಾಲದೆಂದು ಅಡುಗೆಕಟ್ಟೆಗೆ ಗ್ರಾನೈಟ್ ಹಾಕಿಸಿರುತ್ತಾರೆ; 20 ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ 50 ಕಿಲೋ ದಾಟುತ್ತದೆ. ಎಲ್ಲಾ ತುಂಬಿಸಿ, ಜನರನ್ನೂ ಕೂರಿಸಿ ಲಾರಿ ತೂಗುವ ಕಾಟಾಕ್ಕೆ ಒಯ್ದು, ಮುಂದಿನ ಗಾಲಿ ಬೇರೆ, ಹಿಂದಿನದು ಬೇರೆ ತೂಗಿಸಿ ಆರ್‌ಸಿಯ ಅಂಕಿಗೆ ಹೋಲಿಸಿ. ಭಾರವೆಲ್ಲ ಹಿಂದಿನ ಗಾಲಿಯ ಆಚೆ ಬಿದ್ದಿದ್ದರೆ ಮುಂಭಾಗ ಹಗುರಾಗಿ, ಚೋರ್ಲಾ ಘಾಟಿಯ ಏರಿನಲ್ಲಿ ಸ್ಟೇರಿಂಗು ತೇಲುತ್ತದೆ. ಓಡಿಸಿ ನೋಡಬೇಕಾದದ್ದೂ ಆ ಘಾಟಿಯಲ್ಲೇ. ಹೊರಡುವ ಮೊದಲು ಪಾತ್ರೆಗಳನ್ನು ಇಳಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸಿನ ಸದ್ದಿಗೂ ಇಡ್ಲಿ ಸ್ಟ್ಯಾಂಡಿನ ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇಷ್ಟೆಲ್ಲ ದಾಟಿದ ಗಾಡಿಯಾದರೆ ಮುಂಗಡ ಕೊಡುವ ಮೊದಲು ಒಂದು ರಾತ್ರಿ ಅದರಲ್ಲೇ ಮಲಗಲು ಕೇಳಿ. ಟ್ಯಾಂಕು ತುಂಬಿಸಿ, ಪಂಪು ಚಾಲೂ ಇಟ್ಟು, ನಲ್ಲಿಗಳನ್ನೆಲ್ಲ ಗಟ್ಟಿ ಮುಚ್ಚಿ. ಪೈಪಿನಲ್ಲಿ ಒತ್ತಡ ನಿಂತರೆ ಪಂಪು ಸುಮ್ಮನಿರುತ್ತದೆ. ನಡುರಾತ್ರಿ ಯಾರೂ ನಲ್ಲಿ ಮುಟ್ಟದೆ ಅದು ಟರ್ರ್ ಎಂದು ಎರಡು ಸೆಕೆಂಡ್ ಓಡಿ ನಿಂತು, ಹತ್ತು ನಿಮಿಷಕ್ಕೆ ಮತ್ತೆ ಟರ್ರ್ ಎಂದರೆ ಎಲ್ಲೋ ಗೋಡೆಯ ಹಿಂದೆ ನೀರು ತೊಟ್ಟಿಕ್ಕುತ್ತಿದೆ. ಎದ್ದು ಟಾರ್ಚು ಹಿಡಿದು ಹುಡುಕಿ, ಹೇಗೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಮಾರುವವರು ಒಂದು ಕೈಯಲ್ಲಿ ಚಹಾ ಹಿಡಿದು ನಿಂತಿರುತ್ತಾರೆ. ಇನ್ನೊಂದು ಕೈಯಲ್ಲಿ ಅಗರಬತ್ತಿಯ ಪ್ಯಾಕೆಟ್ಟು.